ಲೋಡ್ ಆಗುವ ಹೊತ್ತಿನ ಕೈವಾಡ

ತಾನು ಬರೆದ ಕೋಡೇ ಸರ್ವರಿನಲ್ಲಿ ಓಡುತ್ತಿದೆ ಎಂದು ನಂಬಿಕೊಂಡು ನೆಮ್ಮದಿಯಾಗಿ ನಿದ್ದೆ ಹೋಗುವ ಜಾವಾ ಪ್ರೋಗ್ರಾಮರುಗಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಎಂಥ ಮುಗ್ಧ ಜನ! ಕೋಡು ಬರೆದರು, ಪಕ್ಕದವನು ರಿವ್ಯೂ ಮಾಡಿ ಹೆಬ್ಬೆರಳೆತ್ತಿದ, ಬಿಲ್ಡ್ ಹಸಿರಾಯಿತು, ಜಾರ್ ಫೈಲು ಡೆಪ್ಲಾಯ್ ಆಯಿತು. ಅಲ್ಲಿಗೆ ತಮ್ಮ ಕೆಲಸ ಮುಗಿಯಿತೆಂದು ಲ್ಯಾಪ್‌ಟಾಪ್ ಮುಚ್ಚಿಬಿಡುತ್ತಾರೆ. ಆ ಜಾರ್ ಫೈಲಿನಲ್ಲಿ ಕುಳಿತ ಕ್ಲಾಸು ಡಿಸ್ಕಿನಿಂದ ಎದ್ದು ಮೆಮೊರಿಯೊಳಗೆ ಕಾಲಿಡುವ ಅರೆಗಳಿಗೆಯಲ್ಲಿ ಯಾರು ಯಾರು ಅದರ ಕಿವಿಯೂದುತ್ತಾರೆ, ಯಾರು ಅದರ ಹೊಟ್ಟೆಗೆ ಏನು ತುರುಕುತ್ತಾರೆ ಅನ್ನುವುದರ ಗೊಡವೆಯೇ ಅವರಿಗಿಲ್ಲ. ಗೊತ್ತಾದ ದಿನ ನಿದ್ದೆ ಹಾರಿಹೋಗುತ್ತದೆ. ಆ ನಿದ್ದೆ ಕೆಡಿಸುವ ಸದುದ್ದೇಶದಿಂದಲೇ ಈ ಹರಟೆ.

ಜಾವಾದ್ದು ಸೋಮಾರಿ ಸ್ವಭಾವ. ಪ್ರೋಗ್ರಾಮು ಶುರುವಾದ ಕೂಡಲೇ ಇದ್ದಬದ್ದ ಕ್ಲಾಸುಗಳನ್ನೆಲ್ಲ ಮೆಮೊರಿಗೆ ತುಂಬಿಕೊಳ್ಳುವ ಜಾಯಮಾನ ಅದರದ್ದಲ್ಲ. ‘ಅಕೌಂಟ್’ ಅನ್ನುವ ಕ್ಲಾಸು ಮೊದಲ ಸಲ ನಿಜವಾಗಿ ಬೇಕಾದಾಗಲಷ್ಟೇ ‘ಯಾರಪ್ಪಾ ಅದು ಅಕೌಂಟ್?’ ಎಂದು ಹುಡುಕಾಟ ಶುರು. ಹುಡುಕಿ ಹೊತ್ತು ತರುವ ಆಳಿಗೆ ಕ್ಲಾಸ್‌ಲೋಡರ್ ಎಂದು ಹೆಸರು. 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನವರು ಜಾವಾವನ್ನು ಲೋಕಕ್ಕೆ ಬಿಟ್ಟಾಗ ಈ ಆಳಿನ ಮುಖ್ಯ ಕೆಲಸ ನೆಟ್‌ವರ್ಕಿನ ಮೇಲಿಂದ ಆಪ್ಲೆಟ್ಟುಗಳನ್ನು ತಂದು ಬ್ರೌಸರಿನಲ್ಲಿ ಕುಣಿಸುವುದು. ಆಪ್ಲೆಟ್ಟುಗಳು ಹೋಗಿ ಎಷ್ಟೋ ಕಾಲವಾಯಿತು. ಆಳು ಮಾತ್ರ ಉಳಿದ. ಉಳಿದಿದ್ದಷ್ಟೇ ಅಲ್ಲ, ಈಗ ಅವನದೇ ದರ್ಬಾರು.

ಆದರೆ ಅವನಿಗೊಂದು ಕಟ್ಟುಪಾಡಿದೆ. ಯಾವ ಕ್ಲಾಸನ್ನೇ ಕೇಳಿ, ತಾನು ಹುಡುಕುವ ಮೊದಲು ತನ್ನ ಪೇರೆಂಟ್ ಲೋಡರನ್ನು ಕೇಳಲೇಬೇಕು. ಆ ಪೇರೆಂಟು ತನ್ನ ಪೇರೆಂಟನ್ನು ಕೇಳಬೇಕು. ಕೆಳಗಡೆ ಅಪ್ಲಿಕೇಶನ್ ಲೋಡರ್, ಅದರ ಮೇಲೆ ಪ್ಲಾಟ್‌ಫಾರ್ಮ್ ಲೋಡರ್, ಎಲ್ಲಕ್ಕಿಂತ ಮೇಲೆ ಬೂಟ್‌ಸ್ಟ್ರ್ಯಾಪ್ ಲೋಡರ್. 2017ರಲ್ಲಿ ಜಾವಾ 9 ಬರುವವರೆಗೆ ನಡುವಿನವನ ಜಾಗದಲ್ಲಿ ಎಕ್ಸ್‌ಟೆನ್ಶನ್ ಲೋಡರ್ ಅನ್ನುವವನು ಇದ್ದ, ಅವನಿಗೆ ನಿವೃತ್ತಿಯಾಯಿತು. ಮೇಲಿನವರು ‘ನಮ್ಮಲ್ಲಿಲ್ಲ’ ಎಂದು ಕೈಯಾಡಿಸಿದ ಮೇಲಷ್ಟೇ ಕೆಳಗಿನವನಿಗೆ ಹುಡುಕುವ ಹಕ್ಕು. ತುದಿಯಲ್ಲಿರುವ ಬೂಟ್‌ಸ್ಟ್ರ್ಯಾಪ್ ಮಹಾಶಯ ಜಾವಾ ವಸ್ತುವೇ ಅಲ್ಲ, ಅವನಿರುವುದು ಯಂತ್ರದ ಒಡಲಲ್ಲಿ. ‘ಸ್ಟ್ರಿಂಗ್ ಕ್ಲಾಸೇ, ನಿನ್ನನ್ನು ಲೋಡ್ ಮಾಡಿದವರು ಯಾರು?’ ಎಂದು ಕೇಳಿ ನೋಡಿ. ಸಿಗುವ ಉತ್ತರ ‘ನಲ್’. ನಿರ್ಗುಣ, ನಿರಾಕಾರ! ಅದ್ವೈತಿಗಳು ಜಾವಾ ಕಲಿಯದೆ ಕಳೆದುಕೊಂಡದ್ದು ಬಹಳ.

ಈ ಹಿರಿತನದ ಹಿಂದೆ ಭಯವೂ ಇದೆ. ನಾನೇ ಒಂದು ಖೋಟಾ ಸ್ಟ್ರಿಂಗ್ ಕ್ಲಾಸು ಬರೆದು ಒಳಗೆ ತಳ್ಳಿದರೆ? ಎಲ್ಲರ ಪಾಸ್‌ವರ್ಡು ಹಾದುಹೋಗುವುದು ಅದರ ಮೂಲಕವೇ ಅಲ್ಲವೇ? ಆದ್ದರಿಂದ ‘ಜಾವಾ ಡಾಟ್’ ಎಂದು ಶುರುವಾಗುವ ಹೆಸರಿನ ಕ್ಲಾಸನ್ನು ನೀವು ನಿಮ್ಮ ಲೋಡರಿನಿಂದ ತರಲು ಹೋದರೆ ‘ಪ್ರೊಹಿಬಿಟೆಡ್ ಪ್ಯಾಕೇಜ್ ನೇಮ್’ ಎಂದು ಮುಖಕ್ಕೆ ಹೊಡೆದಂತೆ ಹೇಳಿ ಹೊರಹಾಕುತ್ತಾರೆ.

ಕಟ್ಟುಪಾಡು ಇದ್ದಲ್ಲಿ ಮುರಿಯುವವರೂ ಇರಬೇಕಲ್ಲ. ಟಾಮ್‌ಕ್ಯಾಟ್ ಸರ್ವರಿನಲ್ಲಿ ಒಂದೊಂದು ವೆಬ್ ಅಪ್ಲಿಕೇಶನ್ನಿಗೂ ಒಂದೊಂದು ಲೋಡರ್. ಇವರು ಮೊದಲು ತಮ್ಮ ಮನೆಯಲ್ಲಿ ನೋಡಿಕೊಂಡು, ಸಿಗದಿದ್ದರೆ ಆಮೇಲೆ ಹಿರಿಯರ ಬಳಿ ಹೋಗುತ್ತಾರೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಜಾವಾದ ಮೂಲ ಕ್ಲಾಸುಗಳ ವಿಷಯದಲ್ಲಿ ಮಾತ್ರ ಇವರೂ ತಗ್ಗಿಬಗ್ಗಿ ನಡೆಯುತ್ತಾರೆ. ಇದು ಅಹಂಕಾರದಿಂದ ಹುಟ್ಟಿದ್ದಲ್ಲ. ಒಂದೇ ಸರ್ವರಿನಲ್ಲಿ ಒಂದು ಅಪ್ಲಿಕೇಶನ್ನಿಗೆ ಲೈಬ್ರರಿಯ ಹಳೆಯ ಆವೃತ್ತಿ ಬೇಕು, ಪಕ್ಕದ್ದಕ್ಕೆ ಹೊಸದು ಬೇಕು. ಬೇರೆ ದಾರಿಯಿಲ್ಲ.

ಇಲ್ಲೇ ಜಾವಾದ ಅತ್ಯಂತ ಮೋಜಿನ ಎರರ್ ಹುಟ್ಟುವುದು. ಅಕೌಂಟ್ ಅನ್ನುವ ಕ್ಲಾಸನ್ನು ಅಕೌಂಟ್ ಎಂದು ಕಾಸ್ಟ್ ಮಾಡಲು ಸಾಧ್ಯವಿಲ್ಲ ಎಂದು ಯಂತ್ರ ಕಿರುಚುತ್ತದೆ! ಅದೇ ಹೆಸರು, ಅದೇ ಪ್ಯಾಕೇಜು, ಅಕ್ಷರ ಅಕ್ಷರವೂ ಒಂದೇ. ಮೊದಲ ಸಲ ಈ ಸಾಲನ್ನು ಕಂಡ ಹುಡುಗ ಕನ್ನಡಕ ಒರೆಸಿಕೊಳ್ಳುತ್ತಾನೆ, ಎರಡನೆಯ ಸಲ ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡುತ್ತಾನೆ, ಮೂರನೆಯ ಸಲ ನೆಟ್‌ವರ್ಕ್ ತಂಡದವರನ್ನು ಬೈಯುತ್ತಾನೆ. ಅವನಿಗೆ ಯಾರೂ ಹೇಳಿಕೊಡದ ಸಂಗತಿಯೆಂದರೆ, ಓಡುವ ಯಂತ್ರದ ಕಣ್ಣಿಗೆ ಕ್ಲಾಸಿನ ಗುರುತು ಬರೀ ಹೆಸರಲ್ಲ. ಹೆಸರು ಮತ್ತು ಅದನ್ನು ಲೋಡ್ ಮಾಡಿದವನು, ಎರಡೂ ಸೇರಿ. ಲೋಡರ್ ಬೇರೆಯಾದರೆ ಅಕೌಂಟೂ ಬೇರೆ. ಊರಲ್ಲಿ ‘ಯಾರ ಮಗನಪ್ಪಾ ನೀನು?’ ಎಂದು ಕೇಳಿಯೇ ಒಳಗೆ ಬಿಡುವ ಅಜ್ಜಂದಿರಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳದು. ಇತ್ತೀಚಿನ ಜಾವಾಗಳು ಕರುಣೆ ತೋರಿ ಎರರ್ ಸಾಲಿನಲ್ಲೇ ಯಾವ ಅಕೌಂಟು ಯಾವ ಲೋಡರಿನದು ಎಂದು ಬರೆಯುತ್ತವೆ. ಎರರ್ ಸಾಲನ್ನು ಪೂರ್ತಿ ಓದುವ ಪ್ರೋಗ್ರಾಮರ್ ಸಿಗಬೇಕಷ್ಟೆ.

ನಗುವ ವಿಷಯವೇನೂ ಆಗಿರಲಿಲ್ಲ ಇದು ಮೊದಲಿಗೆ. 1997ರಲ್ಲಿ ಎಟಿ ಅಂಡ್ ಟಿ ಸಂಶೋಧನಾಲಯದ ವಿಜಯ್ ಸಾರಸ್ವತ್ ಅವರು ‘ಜಾವಾ ಟೈಪ್‌ಸೇಫ್ ಅಲ್ಲ’ ಎಂದೇ ಶೀರ್ಷಿಕೆ ಕೊಟ್ಟು ಒಂದು ಟಿಪ್ಪಣಿ ಬರೆದರು. ಎರಡು ಲೋಡರುಗಳು ಒಂದೇ ಹೆಸರಿಗೆ ಎರಡು ಬೇರೆ ಕ್ಲಾಸುಗಳನ್ನು ಕೊಟ್ಟು ಯಂತ್ರವನ್ನೇ ಯಾಮಾರಿಸಬಹುದು ಎಂದು ತೋರಿಸಿದರು. ಸುರಕ್ಷತೆಯೇ ನಮ್ಮ ಹೆಗ್ಗಳಿಕೆ ಎಂದು ಡಂಗುರ ಹೊಡೆಯುತ್ತಿದ್ದ ಸನ್ ಕಂಪನಿಗೆ ಇದು ಹೇಗಿದ್ದಿರಬೇಕು ಊಹಿಸಿಕೊಳ್ಳಿ. ಮರುವರ್ಷ, 1998ರಲ್ಲಿ, ಷೆಂಗ್ ಲಿಯಾಂಗ್ ಮತ್ತು ಗಿಲಾಡ್ ಬ್ರಾಚಾ ತಮ್ಮ ಪ್ರಬಂಧದಲ್ಲಿ ಇದಕ್ಕೆ ಕಡಿವಾಣ ವಿವರಿಸಿದರು: ಎರಡು ಲೋಡರುಗಳು ಒಂದು ಹೆಸರನ್ನು ಪರಸ್ಪರ ಹಂಚಿಕೊಂಡರೆ ಇಬ್ಬರ ಪಾಲಿಗೂ ಅದು ಒಂದೇ ಕ್ಲಾಸಾಗಿರಬೇಕು, ಇಲ್ಲದಿದ್ದರೆ ಯಂತ್ರ ಅಲ್ಲೇ ತಡೆಯುತ್ತದೆ.

ಇಷ್ಟೆಲ್ಲ ಪೀಠಿಕೆ ಏಕೆಂದರೆ, ಆಳನ್ನು ನೀವೇ ನೇಮಿಸಿಕೊಳ್ಳಬಹುದು. ಕ್ಲಾಸ್‌ಲೋಡರ್ ಅನ್ನುವುದನ್ನು ವಿಸ್ತರಿಸಿ, ‘ಫೈಂಡ್‌ಕ್ಲಾಸ್’ ಅನ್ನುವ ಒಂದು ಮೆಥಡ್ ಬರೆದರೆ ಮುಗಿಯಿತು. ಬೈಟ್‌ಗಳನ್ನು ಎಲ್ಲಿಂದಲಾದರೂ ತನ್ನಿ, ಡಿಸ್ಕೋ ಡೇಟಾಬೇಸೋ ಯಾರೂ ಕೇಳುವುದಿಲ್ಲ. ತಂದದ್ದನ್ನು ‘ಡಿಫೈನ್‌ಕ್ಲಾಸ್’ ಅನ್ನುವ ಬಾಗಿಲಲ್ಲಿ ಹಾಕಿ. ಬಾಗಿಲಲ್ಲಿ ಮೊದಲ ತಪಾಸಣೆ ನಾಲ್ಕು ಬೈಟ್‌ಗಳದು. ಹೆಕ್ಸಾಡೆಸಿಮಲ್‌ನಲ್ಲಿ ಓದಿದರೆ ‘ಕೆಫೆಬೇಬ್’. ಜಾವಾದ ಜನಕ ಜೇಮ್ಸ್ ಗಾಸ್ಲಿಂಗ್ ಮತ್ತು ಗೆಳೆಯರು ಊಟಕ್ಕೆ ಹೋಗುತ್ತಿದ್ದ ಒಂದು ಹೋಟೆಲಿನಲ್ಲಿ ಹಿಂದೆ ಗ್ರೇಟ್‌ಫುಲ್ ಡೆಡ್ ವಾದ್ಯತಂಡ ಹಾಡುತ್ತಿತ್ತೆಂಬ ಐತಿಹ್ಯವಿತ್ತಂತೆ. ಅವರು ಆ ಜಾಗವನ್ನು ‘ಕೆಫೆ ಡೆಡ್’ ಎಂದು ಕರೆಯುತ್ತಿದ್ದರು, ಅದು ಹೆಕ್ಸ್ ಅಂಕಿಯೂ ಹೌದು ಎಂದು ಹೊಳೆಯಿತು, ಅದರ ಬೆನ್ನಿಗೇ ಕೆಫೆಬೇಬ್ ಬಂತು. ಜಗತ್ತಿನ ಬ್ಯಾಂಕುಗಳ ವ್ಯವಹಾರ ನಡೆಸುವ ಪ್ರತಿ ಜಾವಾ ಕ್ಲಾಸಿನ ಹಣೆಯ ಮೇಲೂ ಒಂದು ಹೋಟೆಲ್ ತಮಾಷೆ ಬರೆದಿದೆ. ಎಂಜಿನಿಯರಿಂಗ್ ಎಂದರೆ ಗಂಭೀರ ವಿದ್ಯೆ ಎಂದು ತಿಳಿದವರು ಇದನ್ನು ಗಮನಿಸಬೇಕು.

ನಡುವೆ ಒಂದು ಮಾತು. ಕೆಲವು ಕಂಪನಿಗಳು ತಮ್ಮ ಅಮೂಲ್ಯ ಕ್ಲಾಸುಗಳನ್ನು ಎನ್‌ಕ್ರಿಪ್ಟ್ ಮಾಡಿ, ಬಿಡಿಸುವ ಲೋಡರನ್ನು ಜೊತೆಗೇ ಕೊಟ್ಟು, ‘ಈಗ ಯಾರೂ ಕದಿಯಲಾರರು’ ಎಂದು ಬೀಗುತ್ತವೆ. ಡಿಫೈನ್‌ಕ್ಲಾಸ್ ಬಾಗಿಲಿಗೆ ಬರುವಾಗ ಬೈಟ್‌ಗಳು ಬತ್ತಲೆಯಾಗಿಯೇ ಬರಬೇಕು. ಅಲ್ಲಿ ನಿಂತವನಿಗೆ ಎಲ್ಲ ಕಾಣುತ್ತದೆ.

ಆ ಬಾಗಿಲಲ್ಲಿ ನಿಲ್ಲುವವನೇ ಈ ಹರಟೆಯ ಕಥಾನಾಯಕ.

ಅವನ ಕುಲಗೋತ್ರ ಹೇಳಬೇಕಾದರೆ ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪಾರ್ಕ್ ಪ್ರಯೋಗಾಲಯಕ್ಕೆ ಹೋಗಬೇಕು. ಗ್ರೆಗರ್ ಕಿಚಾಲೆಸ್ ಮತ್ತು ಸಂಗಡಿಗರು 1997ರಲ್ಲಿ ಫಿನ್‌ಲ್ಯಾಂಡಿನ ಯೂವಾಸ್ಕುಲಾದಲ್ಲಿ ನಡೆದ ಸಮ್ಮೇಳನದಲ್ಲಿ ‘ಆಸ್ಪೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್’ ಎಂಬ ಪ್ರಬಂಧ ಮಂಡಿಸಿದರು. ಅವರ ದೂರು ಸರಳ. ದೊಡ್ಡ ಪ್ರೋಗ್ರಾಮಿನಲ್ಲಿ ಕೆಲವು ಕೆಲಸಗಳು ಒಂದು ಕಡೆ ಕಟ್ಟುನಿಟ್ಟಾಗಿ ಕೂರುತ್ತವೆ, ಕೆಲವು ಎಲ್ಲ ಕಡೆ ಚೆಲ್ಲಾಡುತ್ತವೆ. ಇದಕ್ಕೆ ಅವರ ಬಳಗ ತೋರಿಸುತ್ತಿದ್ದ ಪ್ರಸಿದ್ಧ ಚಿತ್ರವೊಂದಿತ್ತು: ಟಾಮ್‌ಕ್ಯಾಟಿನ ಮಾಡ್ಯೂಲುಗಳನ್ನೆಲ್ಲ ಉದ್ದುದ್ದ ಕಂಬಗಳಂತೆ ನಿಲ್ಲಿಸಿ, ಒಂದೊಂದು ಕೆಲಸದ ಸಾಲುಗಳಿಗೆ ಕೆಂಪು ಬಳಿದಿದ್ದರು. ಎಕ್ಸ್‌ಎಂಎಲ್ ಓದುವ ಕೆಲಸದ ಕೆಂಪು ಒಂದೇ ಕಂಬದಲ್ಲಿ ಅಚ್ಚುಕಟ್ಟಾಗಿ ಕೂತಿದೆ. ಲಾಗಿಂಗ್‌ನ ಚಿತ್ರ ನೋಡಿದರೆ ಎಲ್ಲ ಕಂಬಗಳಿಗೂ ದಡಾರ! ಇಂಥ ಚೆಲ್ಲಾಪಿಲ್ಲಿ ಕೆಲಸವನ್ನು ಒಂದೇ ಕಡೆ ಬರೆದಿಟ್ಟು, ಎಲ್ಲೆಲ್ಲಿ ಬೇಕೋ ಅಲ್ಲಲ್ಲಿ ಯಂತ್ರವೇ ಹೆಣೆದುಕೊಳ್ಳಲಿ ಅನ್ನುವುದು ಅವರ ಸಲಹೆ. ಒಂದೇ ಕಡೆ ಬರೆದದ್ದು ಆಸ್ಪೆಕ್ಟ್. ಎಲ್ಲೆಲ್ಲಿ ಅನ್ನುವ ಸೂತ್ರ ಪಾಯಿಂಟ್‌ಕಟ್. ಅಲ್ಲಿ ಮಾಡುವ ಕೆಲಸ ಅಡ್ವೈಸ್. ಹೆಣೆಯುವ ಕ್ರಿಯೆ ವೀವಿಂಗ್. ಮೂಲ ಕೋಡಿನ ಒಂದು ಅಕ್ಷರವನ್ನೂ ಮುಟ್ಟುವಂತಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಮಾರತ್ತಹಳ್ಳಿಯ ಕೋಚಿಂಗ್ ಕೇಂದ್ರಗಳಲ್ಲಿ ಈ ನಾಲ್ಕು ಪದಗಳನ್ನು ಉರು ಹೊಡೆಸಿ ಇಂಟರ್ವ್ಯೂಗೆ ಕಳಿಸುತ್ತಾರೆ. ಆಸ್ಪೆಕ್ಟಿಗೆ ಉದಾಹರಣೆ ಕೊಡಿ ಎಂದರೆ ಹುಡುಗರು ಕಣ್ಣುಮುಚ್ಚಿ ‘ಲಾಗಿಂಗ್, ಸೆಕ್ಯುರಿಟಿ, ಟ್ರಾನ್ಸಾಕ್ಷನ್’ ಅನ್ನುತ್ತಾರೆ. ಕೇಳಿದವರಿಗೂ ನಾಲ್ಕನೆಯದು ಗೊತ್ತಿರುವುದಿಲ್ಲವಾದ್ದರಿಂದ ಕೆಲಸ ಸಿಗುತ್ತದೆ.

ಇನ್ನು ಹೆಣೆಯುವುದು ಯಾವಾಗ? ಇದನ್ನು ಮದುವೆ ಊಟದ ತುಪ್ಪದ ಲೆಕ್ಕದಲ್ಲಿ ಹೇಳಿದರೆ ಬೇಗ ತಲೆಗೆ ಹೋಗುತ್ತದೆ. ಅಡುಗೆಮನೆಯಲ್ಲಿ ಅಡುಗೆ ಕುದಿಯುವಾಗಲೇ ಭಟ್ಟರು ತುಪ್ಪ ಸುರಿದರೆ ಅದು ಕಂಪೈಲ್ ಟೈಮ್ ವೀವಿಂಗ್; ಅಡುಗೆ ಇಳಿಸಿದ ಮೇಲೆ ಉಗ್ರಾಣದಲ್ಲಿ ಕಲಸಿದರೆ ಪೋಸ್ಟ್ ಕಂಪೈಲ್. ಎಲೆಯ ಮೇಲೆ ಅನ್ನ ಬಿದ್ದು, ನಿಮ್ಮ ಬೆರಳು ತಾಗುವ ಮೊದಲು, ಹಿಂದಿನಿಂದ ಬಂದ ಮಾಣಿ ಸೌಟಿನಿಂದ ಒಂದು ಧಾರೆ ಬಿಟ್ಟು ಹೋದರೆ ಲೋಡ್ ಟೈಮ್ ವೀವಿಂಗ್. ಭಟ್ಟರಿಗೆ ಅದು ಗೊತ್ತಿಲ್ಲ. ಪಂಕ್ತಿಯಲ್ಲಿ ಯಾರ ಎಲೆಗೆ ಬಿಡಬೇಕು, ಯಾರದಕ್ಕೆ ಬಿಡಬಾರದು ಅನ್ನುವುದು ಮಾಣಿಯ ಕೈಯಲ್ಲಿರುವ ಚೀಟಿಯಲ್ಲಿದೆ; ಜಾವಾದಲ್ಲಿ ಆ ಚೀಟಿಯ ಹೆಸರು ‘ಎಒಪಿ ಡಾಟ್ ಎಕ್ಸ್‌ಎಂಎಲ್’, ಇರುವುದು ‘ಮೆಟಾ-ಇನ್ಫ್’ ಫೋಲ್ಡರಿನಲ್ಲಿ. ಚೀಟಿ ಬದಲಿಸಿ ಮರುಪಂಕ್ತಿ ಹಾಕಿದರೆ ರುಚಿಯೂ ಬದಲು. ಅಡುಗೆಯನ್ನು ಮತ್ತೆ ಮಾಡಬೇಕಿಲ್ಲ. ಉಣ್ಣಲು ಶುರು ಮಾಡಿದ ಮೇಲೆ ಮಾತ್ರ ಮಾಣಿಯ ಆಟ ಅಷ್ಟಾಗಿ ನಡೆಯದು: ಒಮ್ಮೆ ಲೋಡ್ ಆದ ಕ್ಲಾಸನ್ನು ಮತ್ತೆ ತಿದ್ದಲು ಜಾವಾ ಬಿಟ್ಟರೂ, ಮೆಥಡ್ಡಿನ ಒಡಲನ್ನು ಬದಲಿಸಬಹುದೇ ಹೊರತು ಹೊಸ ಮೆಥಡ್ಡು, ಹೊಸ ಫೀಲ್ಡು ಸೇರಿಸುವಂತಿಲ್ಲ.

ಮಾಣಿಯನ್ನು ಒಳಗೆ ಬಿಡುವುದೇ ಮೊದಲು ದೊಡ್ಡ ರಗಳೆಯಾಗಿತ್ತು. ಸ್ವಂತ ಲೋಡರ್ ಬರೆದು, ಬೈಟ್ ಓದಿ, ಹೆಣೆದು, ಆಮೇಲೆ ಡಿಫೈನ್‌ಕ್ಲಾಸ್ ಮಾಡಬೇಕು. ಆಸ್ಪೆಕ್ಟ್‌ಜೆ ಎಂಬ ಹೆಣೆಯುವ ಉಪಕರಣ ಇದಕ್ಕೆಂದೇ ‘ವೀವಿಂಗ್ ಯುಆರ್‌ಎಲ್ ಕ್ಲಾಸ್‌ಲೋಡರ್’ ಕೊಟ್ಟಿತು. ಆದರೆ ಟಾಮ್‌ಕ್ಯಾಟಿನಂಥ ಸರ್ವರಿಗೆ ಆಗಲೇ ಅದರದೇ ಲೋಡರ್ ಇದೆ. ‘ನಿನ್ನದನ್ನು ತೆಗೆದು ನನ್ನದನ್ನು ಇಟ್ಟುಕೋ’ ಎಂದರೆ ಯಾರು ಕೇಳುತ್ತಾರೆ? ಆಸ್ಪೆಕ್ಟ್‌ವರ್ಕ್ಸ್ ಎಂಬ ಪ್ರತಿಸ್ಪರ್ಧಿ ಉಪಕರಣ ಕಟ್ಟಿದ ಯೋನಾಸ್ ಬೋನೆರ್ ಮತ್ತು ಅಲೆಕ್ಸಾಂಡ್ರ್ ವಾಸ್ಯೂರ್ ಇದಕ್ಕೆ ಕಂಡುಕೊಂಡ ದಾರಿ ನೋಡಿ: ಜಾವಾದ ಸ್ವಂತ ಕ್ಲಾಸ್‌ಲೋಡರ್ ಕ್ಲಾಸನ್ನೇ ತಿದ್ದಿ, ತಿದ್ದಿದ ಪ್ರತಿಯನ್ನು ಮೊದಲೇ ಒಳಗೆ ಕೂರಿಸುವುದು! ಆಗ ಯಾರ ಲೋಡರಾದರೇನು, ಎಲ್ಲರೂ ಅದರ ಸಂತಾನವೇ. ಕಳ್ಳರಿಗೂ ಇಷ್ಟು ತಾಳ್ಮೆ ಇರುವುದಿಲ್ಲ. 2004ರಲ್ಲಿ ಜಾವಾ 5 ಬಂದಾಗ ಸನ್ ಸೋತು ಕೈಮುಗಿದು ಹಿಂಬಾಗಿಲಿನ ಬದಲು ಮುಂಬಾಗಿಲನ್ನೇ ತೆರೆಯಿತು. ಶುರುವಾಗುವ ಆಜ್ಞೆಯಲ್ಲಿ ‘ಜಾವಾಏಜೆಂಟ್’ ಎಂದು ಬರೆದು ಒಂದು ಜಾರ್ ಹೆಸರು ಕೊಟ್ಟರೆ, ‘ಮೇನ್’ ಓಡುವ ಮೊದಲೇ ಅದರ ‘ಪ್ರೀಮೇನ್’ ಓಡುತ್ತದೆ. ಅದು ತನ್ನ ಟ್ರಾನ್ಸ್‌ಫಾರ್ಮರನ್ನು ನೋಂದಾಯಿಸಿದರೆ ಮುಂದೆ ಯಾವ ಲೋಡರ್ ಯಾವ ಕ್ಲಾಸು ತಂದರೂ ಬೈಟ್‌ಗಳು ಮೊದಲು ಇದರ ಕೈಗೆ. ಇಷ್ಟವಿಲ್ಲದಿದ್ದರೆ ‘ನಲ್’ ಎಂದು ವಾಪಸು ಕೊಡಬೇಕು, ಹಾಗೆಂದರೆ ‘ಇದಕ್ಕೆ ನನ್ನದೇನೂ ಇಲ್ಲ, ಮುಂದೆ ಹೋಗಲಿ’. ಮರುವರ್ಷ ಆಸ್ಪೆಕ್ಟ್‌ಜೆ ಮತ್ತು ಆಸ್ಪೆಕ್ಟ್‌ವರ್ಕ್ಸ್ ಒಂದಾದವು. 2005ರ ಡಿಸೆಂಬರಿನ ಆಸ್ಪೆಕ್ಟ್‌ಜೆ 5 ಅವರ ಕೂಸು. ಇವತ್ತಿಗೂ ‘ಆಸ್ಪೆಕ್ಟ್‌ಜೆ ವೀವರ್’ ಜಾರ್ ಬಳಸುವವರು ಉಣ್ಣುತ್ತಿರುವುದು ಆ ಮದುವೆಯ ಊಟವನ್ನೇ.

ಒಳಗೆ ನಡೆಯುವುದನ್ನು ಹತ್ತಿರದಿಂದ ನೋಡಿ. ಅಕೌಂಟ್ ಕ್ಲಾಸಿನಲ್ಲಿ ‘ಡೆಬಿಟ್’ ಅನ್ನುವ ಮೆಥಡ್ಡಿದೆ, ಅದರ ಮುಂದೆ ಒಂದು ಸಾಲು ಲಾಗ್ ಬರಲಿ ಎಂದು ಆಸ್ಪೆಕ್ಟ್ ಹೇಳಿದೆ. ನಮ್ಮ ಮಾಣಿ, ಅಂದರೆ ವೀವರ್, ಬೈಟ್‌ಗಳನ್ನು ಬಿಡಿಸಿ, ಮೆಥಡ್ಡುಗಳನ್ನು ಒಂದೊಂದಾಗಿ ಪಾಯಿಂಟ್‌ಕಟ್‌ಗೆ ತಾಳೆ ಹಾಕುತ್ತಾನೆ. ಡೆಬಿಟ್ ತಾಳೆಯಾಯಿತು. ಅದರ ಮೊದಲ ಸೂಚನೆಗಿಂತ ಮುಂಚೆ ‘ಆಸ್ಪೆಕ್ಟನ್ನು ಕರೆ, ಅದರ ಬಿಫೋರ್ ಅಡ್ವೈಸ್ ಓಡಿಸು’ ಎಂಬ ಸೂಚನೆಗಳನ್ನು ತೂರಿಸುತ್ತಾನೆ. ಸೂಚನೆ ಸೇರಿದರೆ ಮುಂದಿನ ಸೂಚನೆಗಳ ಸ್ಥಾನವೆಲ್ಲ ಪಲ್ಲಟ, ಆ ಲೆಕ್ಕವನ್ನು ಸರಿಪಡಿಸಬೇಕು. ಜೊತೆಗೆ, ಎಲ್ಲೆಲ್ಲಿ ಸ್ಟ್ಯಾಕಿನಲ್ಲಿ ಏನೇನಿರುತ್ತದೆ ಎಂದು ತಿಳಿಸುವ ನಕ್ಷೆಯೊಂದನ್ನು ಜಾವಾ 7ರಿಂದ ಕಡ್ಡಾಯ ಮಾಡಿದ್ದಾರೆ, ಅದನ್ನೂ ಹೊಸದಾಗಿ ಬರೆಯಬೇಕು. ಒಂದು ಕಡೆ ತಪ್ಪಿದರೂ ‘ವೆರಿಫೈ ಎರರ್’ ಎಂದು ಯಂತ್ರ ಕ್ಲಾಸನ್ನೇ ತಿರಸ್ಕರಿಸುತ್ತದೆ. ಎಲ್ಲ ಸರಿಹೋದರೆ ಅಕೌಂಟ್ ಏನೂ ಆಗೇ ಇಲ್ಲವೆಂಬಂತೆ ಒಳಗೆ ನಡೆಯುತ್ತದೆ. ಡಿಸ್ಕಿನ ಮೇಲಿನ ಫೈಲು ಹಾಗೇ ಇದೆ, ಗಿಟ್ ಹಾಗೇ ಇದೆ, ನೀವು ನೋಡುವ ಸೋರ್ಸಿನಲ್ಲಿ ಒಂದು ಚುಕ್ಕೆಯೂ ಹೆಚ್ಚಿಲ್ಲ. ಗುಟ್ಟು ರಟ್ಟಾಗುವುದು ನಡುರಾತ್ರಿ ಸ್ಟ್ಯಾಕ್‌ಟ್ರೇಸ್ ಬಂದಾಗ. ನೀವೆಂದೂ ಬರೆಯದ, ‘ಎಜೆಸಿ’ ಎಂದು ಶುರುವಾಗಿ ನಡುನಡುವೆ ಡಾಲರ್ ಚಿಹ್ನೆ ಹೊತ್ತ ಹೆಸರುಗಳು ನಿಮ್ಮ ಮೆಥಡ್ಡುಗಳ ಮಧ್ಯೆ ಕಾಲುಚಾಚಿ ಕೂತಿರುತ್ತವೆ.

ಈಗ ಸ್ಪ್ರಿಂಗ್ ಎಂಬ ಜಾವಾ ಫ್ರೇಮ್‌ವರ್ಕಿನ ಪಂಥದವರ ಸರದಿ, ಅವರನ್ನು ಬಿಟ್ಟರೆ ಬೇಜಾರಾಗುತ್ತಾರೆ. ‘ಇಷ್ಟೆಲ್ಲ ಬೈಟ್ ಕೆದಕುವುದು ಏಕೆ ಸ್ವಾಮಿ, ನಾವು ಪ್ರಾಕ್ಸಿಯಲ್ಲೇ ಮುಗಿಸುತ್ತೇವೆ’ ಅನ್ನುವವರು ಅವರು. ನಿಜ, ಸ್ಪ್ರಿಂಗ್ ಸಾಮಾನ್ಯವಾಗಿ ನಿಮ್ಮ ಆಬ್ಜೆಕ್ಟಿನ ಮುಂದೆ ಒಂದು ಪ್ರಾಕ್ಸಿ ನಿಲ್ಲಿಸುತ್ತದೆ. ಹೊರಗಿನಿಂದ ಬಂದ ಕರೆ ಅದನ್ನು ಹಾದು ಒಳಗೆ ಹೋಗುತ್ತದೆ, ಹಾಯುವಾಗ ಟ್ರಾನ್ಸಾಕ್ಷನ್ ಶುರುವಾಗುತ್ತದೆ. ಆದರೆ ಆಬ್ಜೆಕ್ಟು ತನ್ನದೇ ಇನ್ನೊಂದು ಮೆಥಡ್ಡನ್ನು ತಾನೇ ಕರೆದರೆ? ಮನೆಯೊಳಗೇ ಓಡಾಡುವವನು ಹೊರಬಾಗಿಲನ್ನು ಹಾಯುವುದೇ ಇಲ್ಲ. ಮೆಥಡ್ಡಿನ ತಲೆಯ ಮೇಲೆ ‘ಟ್ರಾನ್ಸಾಕ್ಷನಲ್’ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೂ ಟ್ರಾನ್ಸಾಕ್ಷನ್ ಇಲ್ಲ! ಈ ಒಂದು ಕಾರಣಕ್ಕೆ ತಲೆಗೂದಲು ಕಿತ್ತುಕೊಂಡವರು ಬೆಂಗಳೂರಿನ ಯಾವ ಟೆಕ್ ಪಾರ್ಕಿಗೆ ಹೋದರೂ ಸಿಗುತ್ತಾರೆ. ಕೊನೆಗೆ ಸ್ಪ್ರಿಂಗ್‌ನವರೂ ದಾರಿಗೆ ಬಂದು ಲೋಡ್ ಟೈಮ್ ವೀವಿಂಗ್‌ಗೆ ತಮ್ಮದೇ ಸ್ವಿಚ್ಚು ಇಟ್ಟರು. ಕ್ಲಾಸಿನ ಒಡಲಲ್ಲೇ ಹೆಣೆದುಬಿಟ್ಟರೆ ಒಳಗಿನಿಂದ ಕರೆದರೇನು, ಹೊರಗಿನಿಂದ ಕರೆದರೇನು.

ಹಾಗಾದರೆ ಇದೇ ಪರಮೌಷಧವೇ? ನಿಧಾನಿಸಿ. ಪಾಯಿಂಟ್‌ಕಟ್ ಬರೆಯುವವನ ಕೈಗೆ ನಕ್ಷತ್ರ ಚಿಹ್ನೆ ಸಿಕ್ಕಿದರೆ ಏನಾಗುತ್ತದೆ ನೋಡಿ. ಬೆಲೆ ಬದಲಿಸುವ ‘ಸೆಟ್ ಪ್ರೈಸ್’, ‘ಸೆಟ್ ನೇಮ್’ ಮುಂತಾದವನ್ನು ಹಿಡಿಯಲು ಅವನು ‘ಸೆಟ್’ ಎಂದು ಬರೆದು ಮುಂದೆ ನಕ್ಷತ್ರ ಹಾಕುತ್ತಾನೆ. ಅದು ‘ಸೆಟಲ್’ ಅನ್ನೂ ಹಿಡಿಯುತ್ತದೆ, ‘ಸೆಟಪ್’ ಅನ್ನೂ ಬಿಡುವುದಿಲ್ಲ. ದಿನದ ಲೆಕ್ಕ ಚುಕ್ತಾ ಮಾಡುವ ಮೆಥಡ್ಡಿಗೆ ಬೆಲೆ ಬದಲಾವಣೆಯ ಪರಿಶೀಲನೆ ಹೆಣೆದುಕೊಂಡು ಕೂರುತ್ತದೆ. ಇನ್ನೊಂದು ದಿಕ್ಕಿನ ಅನಾಹುತ ಇದಕ್ಕಿಂತ ಮೌನಿ. ಯಾರೋ ‘ಸೆಟ್ ಪ್ರೈಸ್’ ಹೆಸರನ್ನು ‘ಅಪ್‌ಡೇಟ್ ಪ್ರೈಸ್’ ಎಂದು ಚಂದಗೊಳಿಸಿದರೆ ಸೂತ್ರಕ್ಕೆ ಅದು ಕಾಣದು. ಕಂಪೈಲರ್ ತುಟಿಪಿಟಕ್ಕೆನ್ನುವುದಿಲ್ಲ. ವೀವರ್ ಬಹಳವೆಂದರೆ ಅಡ್ವೈಸ್ ಎಲ್ಲಿಯೂ ಅನ್ವಯವಾಗಿಲ್ಲ ಎಂದು ಲಾಗಿನ ಮೂಲೆಯಲ್ಲಿ ಗೊಣಗೀತು, ಅದೂ ಒಂದೂ ತಾಳೆಯಾಗದಿದ್ದರೆ ಮಾತ್ರ. ‘ಸೆಟ್ ನೇಮ್’ ಇನ್ನೂ ತಾಳೆಯಾಗುತ್ತಿದ್ದರೆ ಆ ಗೊಣಗೂ ಇಲ್ಲ.

ಇದೆಲ್ಲ ಮೊದಲೇ ಗೊತ್ತಿದ್ದ ಕಿಲಾಡಿಗಳೂ ಇದ್ದರು. 1968ರಲ್ಲಿ ಡೈಕ್‌ಸ್ಟ್ರಾ ‘ಗೋಟು’ ಆಜ್ಞೆಯನ್ನು ಹೀಗಳೆದು ಪತ್ರ ಬರೆದ ಮೇಲೆ, 1973ರಲ್ಲಿ ಲಾರೆನ್ಸ್ ಕ್ಲಾರ್ಕ್ ಎಂಬುವರು ‘ಡೇಟಮೇಷನ್’ ಪತ್ರಿಕೆಯಲ್ಲಿ ಕುಚೋದ್ಯಕ್ಕೆ ‘ಕಮ್‌ಫ್ರಮ್’ ಎಂಬ ಆಜ್ಞೆಯನ್ನು ಸೂಚಿಸಿದರು: ಅಲ್ಲಿಗೆ ಹೋಗು ಅನ್ನುವ ಬದಲು, ಅಲ್ಲಿದ್ದವನನ್ನು ಇಲ್ಲಿಗೆ ಎಳೆದುಕೋ. ಅಲ್ಲಿದ್ದ ಸಾಲಿಗೆ ತನ್ನನ್ನು ಎಳೆಯುತ್ತಾರೆಂಬ ಸುಳಿವೇ ಇರುವುದಿಲ್ಲ. ಅಡ್ವೈಸ್ ಮಾಡುವುದೂ ಇದನ್ನೇ ಎಂದು ವಿಮರ್ಶಕರು ಆಮೇಲೆ ಕೈತಟ್ಟಿ ನಕ್ಕರು. ಆಸ್ಪೆಕ್ಟ್ ಭಕ್ತರು ಜಗ್ಗಲಿಲ್ಲ. ರಾಬರ್ಟ್ ಫಿಲ್ಮನ್ ಮತ್ತು ಡೇನಿಯಲ್ ಫ್ರೀಡ್‌ಮನ್ 2000ದಲ್ಲಿ ಬರೆದ ಪ್ರಬಂಧದ ಪ್ರಕಾರ ಮೂಲ ಕೋಡಿಗೆ ಏನೂ ಗೊತ್ತಿಲ್ಲದಿರುವುದು ಈ ಪದ್ಧತಿಯ ಮೂಲ ಲಕ್ಷಣಗಳಲ್ಲೊಂದು. ಒಬ್ಬರ ಬೈಗುಳವೇ ಇನ್ನೊಬ್ಬರ ಬಿರುದು.

ವಾದದಲ್ಲಿ ಯಾರು ಗೆದ್ದರು ಎಂದು ಕೇಳಬೇಡಿ. ಆಸ್ಪೆಕ್ಟ್ ಎಂಬ ಹೆಸರು ಹೇಳಿದರೆ ಇವತ್ತಿನ ಹುಡುಗರು ‘ಅದು ಹಳೇಕಾಲದ್ದು ಸಾರ್’ ಎಂದು ಮೂಗು ಮುರಿಯುತ್ತಾರೆ. ಹಾಗೆ ಮೂಗು ಮುರಿಯುವವರ ಸರ್ವರಿನಲ್ಲೇ ಒಂದು ಮಾನಿಟರಿಂಗ್ ಏಜೆಂಟ್ ಕೂತು, ಲೋಡ್ ಆಗುವ ಕ್ಲಾಸುಗಳಲ್ಲಿ ತನಗೆ ಬೇಕಾದವುಗಳ ಒಡಲಿಗೆ ಗಡಿಯಾರ ಹೆಣೆದು, ಯಾವ ಕರೆ ಎಷ್ಟು ಮಿಲಿಸೆಕೆಂಡ್ ತಿಂದಿತು ಎಂದು ಚಂದದ ಬಣ್ಣದ ಪಟ್ಟೆಗಳಲ್ಲಿ ತೋರಿಸುತ್ತಿರುತ್ತದೆ. ಓಪನ್‌ಟೆಲಿಮೆಟ್ರಿಯ ಜಾವಾ ಏಜೆಂಟ್ ಮಾಡುವುದು ಇದನ್ನೇ. ಹೆಸರು ಬದಲಾಗಿದೆ, ಮಾಣಿ ಅವನೇ.

2021ರ ಡಿಸೆಂಬರಂತೂ ಈ ಇಡೀ ಪುರಾಣವನ್ನು ಒಂದೇ ವಾರದಲ್ಲಿ ಆಡಿ ತೋರಿಸಿತು. ಲಾಗ್‌ಫೋರ್‌ಜೆ ಅನ್ನುವ ಲಾಗಿಂಗ್ ಲೈಬ್ರರಿಯಲ್ಲಿ, ಲಾಗ್ ಮಾಡಬೇಕಾದ ಪಠ್ಯದಲ್ಲಿ ಒಂದು ವಿಶೇಷ ಸಾಲು ಇದ್ದರೆ ಸಾಕು, ಅದು ದೂರದ ಸರ್ವರೊಂದನ್ನು ವಿಚಾರಿಸಿಕೊಂಡು ಬರುತ್ತಿತ್ತು. ಹಳೆಯ ಜಾವಾಗಳಲ್ಲಿ ಅಪರಿಚಿತರ ಕ್ಲಾಸನ್ನೇ ಲೋಡ್ ಮಾಡಿ ಓಡಿಸಿಬಿಡುತ್ತಿತ್ತು. ಬರೆದಿಡು ಎಂದರೆ ಬರೆದದ್ದನ್ನು ಆಜ್ಞೆಯೆಂದು ತಿಳಿದು ಕುಣಿಯುವ ಗುಮಾಸ್ತ! ಲೋಕವೆಲ್ಲ ದಿಕ್ಕೆಟ್ಟು ಓಡಾಡಿತು. ಬೆಂಗಳೂರಿನಲ್ಲಿ ಎಷ್ಟು ಜನರ ವಾರಾಂತ್ಯ ಮಣ್ಣುಪಾಲಾಯಿತೋ. ಎಲ್ಲ ಸರ್ವರುಗಳನ್ನು ನಿಲ್ಲಿಸಿ ಹೊಸ ಜಾರ್ ಹಾಕಲು ಪುರುಸೊತ್ತಿಲ್ಲ. ಆಗ ಅಮೆಜಾನಿನ ಜಾವಾ ತಂಡ ಒಂದು ಏಜೆಂಟ್ ಬಿಟ್ಟಿತು. ಓಡುತ್ತಿರುವ ಯಂತ್ರಕ್ಕೇ ಅದು ಅಂಟಿಕೊಂಡು, ಆ ಪೋಲಿ ಮೆಥಡ್ಡಿನ ಒಡಲನ್ನು ಕಿತ್ತುಹಾಕಿ, ಸುಮ್ಮನೆ ‘ಪ್ಯಾಚ್ ಆಗಿದೆ’ ಎಂಬರ್ಥದ ಒಂದು ಸ್ಟ್ರಿಂಗ್ ವಾಪಸು ಕೊಡುವಂತೆ ಮಾಡಿತು. ಹೆಣೆಯುವ ವಿದ್ಯೆಗೆ ಇದಕ್ಕಿಂತ ದೊಡ್ಡ ಪುಣ್ಯದ ಕೆಲಸ ಇನ್ನೊಂದನ್ನು ನಾನು ಕಂಡಿಲ್ಲ. ಪುಣ್ಯ ಬಹಳ ದಿನ ಉಳಿಯಲಿಲ್ಲ ಅನ್ನಿ. 2022ರ ಏಪ್ರಿಲಿನಲ್ಲಿ ಸಂಶೋಧಕರು ಆ ಪ್ಯಾಚ್ ಉಪಕರಣದಲ್ಲೇ ತೂತು ತೋರಿಸಿದರು: ‘ಜಾವಾ’ ಎಂದು ಹೆಸರಿಟ್ಟುಕೊಂಡ ಯಾವ ಪ್ರೋಗ್ರಾಮನ್ನೇ ಕಂಡರೂ ಅದನ್ನು ನಂಬಿ ಹೆಚ್ಚಿನ ಅಧಿಕಾರದೊಂದಿಗೆ ಓಡಿಸುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯಲು ಇಷ್ಟು ಸಾಕು. ಅದನ್ನೂ ತಿದ್ದಿ ಹೊಸ ಆವೃತ್ತಿ ಕೊಟ್ಟರು.

ಜಾವಾ ಪಾಲಕರು ಈಚೆಗೆ ಸ್ವಲ್ಪ ಹುಷಾರಾಗಿದ್ದಾರೆ. 2023ರ ಜಾವಾ 21ರಿಂದ, ಓಡುತ್ತಿರುವ ಯಂತ್ರಕ್ಕೆ ಏಜೆಂಟ್ ಬಂದು ಅಂಟಿಕೊಂಡರೆ ಪರದೆಯ ಮೇಲೆ ಎಚ್ಚರಿಕೆಯ ಸಾಲು ಬೀಳುತ್ತದೆ, ಮುಂದೊಂದು ದಿನ ಇದನ್ನು ಡಿಫಾಲ್ಟ್ ಆಗಿಯೇ ತಡೆಯುತ್ತೇವೆ ಎಂದೂ ಹೇಳಿಟ್ಟಿದ್ದಾರೆ. ಶುರುವಿನ ಆಜ್ಞೆಯಲ್ಲೇ ಹೆಸರು ಹೇಳಿ ಕರೆತಂದ ಏಜೆಂಟಿಗೆ ಅಡ್ಡಿಯಿಲ್ಲ. ನನಗೂ ಇದೇ ಸರಿ ಅನಿಸುತ್ತದೆ. ಕದ್ದು ಬರುವವನಿಗೂ ಕರೆದಾಗ ಬರುವವನಿಗೂ ವ್ಯತ್ಯಾಸ ಬೇಡವೇ? ಹಾಗೆಯೇ, ಗಡಿಯಾರ ನೋಡುವುದು, ಹೆಜ್ಜೆಗುರುತು ಬರೆಯುವುದು, ತುರ್ತಿನಲ್ಲಿ ತೂತು ಮುಚ್ಚುವುದು, ಇಷ್ಟನ್ನು ಈ ಮಾಣಿಗೆ ಬಿಡಿ. ಬಡ್ಡಿ ಎಷ್ಟು, ರಿಯಾಯಿತಿ ಯಾರಿಗೆ, ಸಾಲ ಮಂಜೂರೋ ಅಲ್ಲವೋ ಅನ್ನುವ ನಿಯಮಗಳನ್ನು ಆಸ್ಪೆಕ್ಟಿಗೆ ಹಾಕಿ ಲೋಡ್ ಆಗುವಾಗ ಹೆಣೆಯುವ ಆರ್ಕಿಟೆಕ್ಟನ್ನು ಮಾತ್ರ ಮೊದಲ ಮೀಟಿಂಗಿನಲ್ಲೇ ತಡೆಯಿರಿ. ಅವನು ಕಂಪನಿ ಬಿಟ್ಟ ಮೇಲೆ ಆ ನಿಯಮ ಎಲ್ಲಿದೆ ಎಂದು ಹುಡುಕುವವರು ನೀವು.

ನಾಳೆ ಬೆಳಗ್ಗೆ ಆಫೀಸಿಗೆ ಹೋದಾಗ ಒಂದು ಕೆಲಸ ಮಾಡಿ. ಪ್ರೊಡಕ್ಷನ್ನಿನಲ್ಲಿ ಓಡುತ್ತಿರುವ ಜಾವಾ ಪ್ರಕ್ರಿಯೆಯ ಶುರುವಿನ ಆಜ್ಞೆಯನ್ನು ತೆಗೆದು ನೋಡಿ, ‘ಜಾವಾಏಜೆಂಟ್’ ಅನ್ನುವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸಿ, ಒಂದೊಂದನ್ನೂ ಯಾರು ಸೇರಿಸಿದ್ದು ಎಂದು ತಂಡದಲ್ಲಿ ಜೋರಾಗಿ ಕೇಳಿ. ‘ಅದು ಮೊದಲಿನಿಂದಲೂ ಇದೆ’ ಎಂದು ಯಾರಾದರೂ ಉತ್ತರ ಕೊಟ್ಟರೆ, ಮೊದಲು ಆ ಜಾರ್ ಫೈಲನ್ನು ಬಿಚ್ಚಿ ಓದಿ.